ಸೊನ್ನೆ ಕಾಯುವ ಸೊನ್ನಕ್ಕ

ಕೈ ತೊಳೆದುಕೊಂಡು ಬೆನ್ನು ಹತ್ತುವವರನ್ನು ನೀವೂ ಕಂಡಿರುತ್ತೀರಿ: ವಿಮೆ ಮಾರುವವರು, ಗಂಡು-ಹೆಣ್ಣು ಜೋಡಿಸುವವರು, ನಮ್ಮ ಪುರವಣಿಯ ಸಂಪಾದಕರು. ಆದರೆ ಕೈ ತೊಳೆದು, ತೊಳೆದ ಕೈಗೆ ಗ್ಲೌಸ್ ಹಾಕಿ, ಆ ಗ್ಲೌಸನ್ನೂ ತೊಳೆದುಕೊಂಡು ಬೆನ್ನು ಹತ್ತುವವರನ್ನು ನಾನು ಕಂಡದ್ದು ಒಬ್ಬರನ್ನೇ. ಹನ್ನೊಂದು ವರ್ಷದಿಂದ ಅವರು ಬೆನ್ನು ಹತ್ತಿರುವುದು ಕಣ್ಣಿಗೆ ಕಾಣದ ಧೂಳನ್ನು. ಆ ಧೂಳು ಒಮ್ಮೆ ದೊಡ್ಡ ದೊಡ್ಡವರ ಕಣ್ಣಿಗೇ ಮಣ್ಣೆರಚಿದ ಕಥೆ ಇದು. ಓದಿ ಮುಗಿಸಿ 'ಇದೆಲ್ಲ ಸುಳ್ಳು' ಅನ್ನಬೇಡಿ. ಕೇಳಿದಾಗ ನಾನೂ ಹಾಗೇ ಅಂದು ಬೈಸಿಕೊಂಡಿದ್ದೇನೆ.

ಬೆಳಗಿನ ಐದೂ ಮುಕ್ಕಾಲು. ಸಂಶೋಧನಾ ಸಂಸ್ಥೆಯ ಮೂರನೇ ಮಹಡಿ, ಕಾರಿಡಾರಿನ ಕೊನೆಯ ಕೋಣೆ. ಕಿಟಕಿಯಾಚೆ ಬೀದಿದೀಪ ಇನ್ನೂ ಆರಿಲ್ಲ. ಒಳಗೆ ಮೂರು ಬಿಳಿ ಪ್ಲಾಸ್ಟಿಕ್ ಟಬ್ಬುಗಳ ಮುಂದೆ, ತಲೆಯಿಂದ ಪಾದದವರೆಗೆ ಬಿಳಿ ಉಡುಪು ತೊಟ್ಟ ಐವತ್ತಾರರ ಹೆಂಗಸೊಬ್ಬರು ಬಗ್ಗಿ ನಿಂತಿದ್ದಾರೆ. ಮೊದಲ ಟಬ್ಬಿನ ಆ್ಯಸಿಡ್‌ನಲ್ಲಿ ಮೂರು ದಿನ ನೆನೆದ ಹೆಬ್ಬೆರಳು ಗಾತ್ರದ ಸೀಸೆಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಎತ್ತಿ, ಎರಡನೆಯದರಲ್ಲಿ ಅದ್ದಿ, ಮೂರನೆಯದರಲ್ಲಿ ಜಾಲಾಡಿಸುತ್ತಿದ್ದಾರೆ. ಎಳೆಗೂಸಿಗೆ ಸ್ನಾನ ಮಾಡಿಸುವವರೂ ಇಷ್ಟು ನಾಜೂಕು ತೋರಿಸಲಾರರು. ನಾನು ಹೊಸ್ತಿಲ ಮೇಲೆ ಕಾಲಿಟ್ಟದ್ದೇ ತಡ, ತಿರುಗಿಯೂ ನೋಡದೆ ಗದರುತ್ತಾರೆ.

"ನಿಲ್ಲಿ ಅಲ್ಲೇ! ವಾಚು ಬಿಚ್ಚಿ. ಉಂಗುರ ಬಿಚ್ಚಿ. ಮುಖಕ್ಕೆ ಪೌಡರ್ ಹಾಕಿದೀರಾ?"

"ಒಂಚೂರು…"

"ತೊಳ್ಕೊಂಡ್ ಬನ್ನಿ. ತಲೆಗೆ ಬಣ್ಣ ಹಚ್ತೀರಾ?"

ನಾನು ಬೆಚ್ಚಿಬಿದ್ದೆ. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲದ ಗುಟ್ಟು ಅದು. ಈ ತಾಯಿಗೆ ಬೆನ್ನಲ್ಲೂ ಕಣ್ಣೇ?

"ಮಾತಾಡ್ತಿಲ್ಲ ಅಂದ್ರೆ ಹಚ್ತೀರಿ. ಟೋಪಿ ಹಾಕ್ಕೊಳ್ಳಿ. ನಿಮ್ಮದೊಂದು ಕೂದಲು ಉದುರ್ತೂ ಅಂದ್ರೆ ನನ್ನ ನಾಲ್ಕು ದಿನ ಉದುರೋಯ್ತು."

ಊರಿಗೆಲ್ಲ ಟೋಪಿ ಹಾಕುವವನೆಂದು ಗೆಳೆಯರ ನಡುವೆ ಹೆಸರಾದ ನಾನು ಅಂದು ತಲೆ ತಗ್ಗಿಸಿ ಟೋಪಿ ಹಾಕಿಸಿಕೊಂಡೆ.

ಸಂಸ್ಥೆಯ ಹಾಜರಿ ಪುಸ್ತಕದಲ್ಲಿ ಇವರು 'ಸಹಾಯಕಿ'. ಉಳಿದವರ ಬಾಯಲ್ಲಿ ಸೊನ್ನಕ್ಕ. ಕೆಲಸ ಸೀಸೆ ತೊಳೆಯುವುದು. ಆ ಸೀಸೆಗಳಿಗೆ ಏನು ಬರುತ್ತದೆ ಎಂದು ಕೇಳಿದಾಗ ನನಗೆ ಅಂದಿನ ಎರಡನೇ ಆಘಾತ. ಬರುವುದು ಮನುಷ್ಯರ ಮಿದುಳಿನ ತುಣುಕು. ಆಲ್‌ಝೈಮರ್ಸ್ ಎಂಬ ಮರೆವಿನ ಕಾಯಿಲೆಯಲ್ಲಿ ತೀರಿಕೊಂಡವರ ಮನೆಯವರು 'ಮುಂದಿನವರಿಗಾದರೂ ಉಪಯೋಗವಾಗಲಿ' ಎಂದು ಮಿದುಳನ್ನು ದಾನ ಕೊಡುತ್ತಾರೆ. ಅದರ ಬಟಾಣಿ ಕಾಳಿನಷ್ಟನ್ನು ಆ್ಯಸಿಡ್‌ನಲ್ಲಿ ಕರಗಿಸಿ, ಯಂತ್ರಕ್ಕೆ ಕುಡಿಸಿ, ಒಳಗೆ ಯಾವ ಲೋಹ ಎಷ್ಟಿದೆ ಎಂದು ಅಳೆಯುತ್ತಾರೆ. ಕಬ್ಬಿಣ, ತಾಮ್ರ, ಸತು, ಅಲ್ಯುಮಿನಿಯಂ.

ನನಗೆ ರಸಾಯನಶಾಸ್ತ್ರ ಮೊದಲಿನಿಂದ ಕಬ್ಬಿಣದ ಕಡಲೆ. ಇಲ್ಲಿ ಹುಡುಕುವ ಕಬ್ಬಿಣವೋ ಕಡಲೆಯ ಕೋಟಿಯಲ್ಲೊಂದು ಪಾಲೂ ಇಲ್ಲ. ದೊಡ್ಡ ಈಜುಕೊಳಕ್ಕೆ ಅರ್ಧ ಚಮಚ ಉಪ್ಪು ಹಾಕಿ ಕಲಕಿ, ಆಮೇಲೆ 'ಉಪ್ಪು ಎಷ್ಟು ಬಿತ್ತು ಹೇಳಿ' ಎಂದು ಕೇಳಿದ ಹಾಗೆ. ಅಷ್ಟು ಸಣ್ಣ ಅಳತೆ. ಕಬ್ಬಿಣ, ತಾಮ್ರ, ಸತು ಇಲ್ಲದೆ ಮಿದುಳು ಕೆಲಸ ಮಾಡುವುದಿಲ್ಲ. ಆದರೆ ಈ ಕಾಯಿಲೆಯವರ ಮಿದುಳಿನಲ್ಲಿ ಗಂಟುಗಟ್ಟುವ ಪ್ರೋಟೀನಿನ ಸುತ್ತ ಇವು ಗುಂಪುಗೂಡಿ ನಿಂತಿರುತ್ತವಂತೆ. ಹಾಗಾದರೆ ಕಾಯಿಲೆ ತಂದದ್ದು ಇವೇನಾ?

"ಅದೇ ಗೊತ್ತಿಲ್ಲ ನೋಡಿ," ಅನ್ನುತ್ತಾರೆ ಸೊನ್ನಕ್ಕ, ಸೀಸೆ ಅಲ್ಲಾಡಿಸುತ್ತ. "ಕಳ್ಳತನ ಆದ ಮನೆ ಮುಂದೆ ಹತ್ತು ಜನ ನಿಂತಿರ್ತಾರೆ. ಅವರೇ ಕಳ್ಳರೋ, ಆಮೇಲೆ ನೋಡೋಕೆ ಬಂದೋರೋ, ಹೆಂಗ್ ಹೇಳೋದು? ಇಲ್ಲಿನ ದೊಡ್ಡ ಡಾಕ್ಟ್ರೂ ಹಂಗೇ ಅಂತಾರೆ. ಮೂರು ಗಂಟೆ ಹೊತ್ತು ಅಂತಾರೆ ಅಷ್ಟೇ."

ದಿನಕ್ಕೆ ಇನ್ನೂರ ನಲವತ್ತು ಸೀಸೆ. ಒಂದೊಂದನ್ನೂ ಏಳು ಸಲ ಜಾಲಾಡಬೇಕು. ಅಂದರೆ ದಿನಕ್ಕೆ ಸಾವಿರದ ಆರುನೂರ ಎಂಬತ್ತು ಸಲ ಇವರ ಮಣಿಕಟ್ಟು ತಿರುಗುತ್ತದೆ. ಯಂತ್ರಕ್ಕಾದರೂ ಗ್ಯಾರಂಟಿ ಇದೆ, ಮಣಿಕಟ್ಟಿಗಿಲ್ಲ. ಆದರೆ ಇವರ ಅಸಲಿ ಲೆಕ್ಕ ಬೇರೆ. ಬೆಳಿಗ್ಗೆ ಏಳಕ್ಕೆ, ತೊಳೆದ ರಾಶಿಯಿಂದ ಸಿಕ್ಕಿದ ನಾಲ್ಕು ಸೀಸೆ ತೆಗೆದು, ಬರೀ ಶುದ್ಧ ನೀರು ತುಂಬಿ ಯಂತ್ರಕ್ಕೆ ಕೊಡುತ್ತಾರೆ. ಇದಕ್ಕೆ ಇಲ್ಲಿನವರ ಭಾಷೆಯಲ್ಲಿ 'ಖಾಲಿ'. ಖಾಲಿಯಲ್ಲಿ ಸೊನ್ನೆ ಬಂದರೆ ಆ ದಿನದ ಕೆಲಸ ಶುರು. ಬರದಿದ್ದರೆ ಇನ್ನೂರ ನಲವತ್ತೂ ಮತ್ತೆ ಟಬ್ಬಿಗೆ.

"ಸ್ಕೂಲಲ್ಲಿ ಸೊನ್ನೆ ಸುತ್ತಿದ್ರೆ ಅಪ್ಪ ಬಾರಿಸೋರು. ಈಗ ಸೊನ್ನೆ ಸುತ್ತದೇ ಇದ್ರೆ ಎಲ್ಲರ ಮುಖ ಸೊಟ್ಟಗಾಗುತ್ತೆ," ಎಂದು ಅವರು ನಗುತ್ತಾರೆ. ಯಂತ್ರ ನಡೆಸುವ ತಂತ್ರಜ್ಞರು, ನಿವೃತ್ತಿಗೆ ಎರಡು ವರ್ಷ ಬಾಕಿ ಇರುವವರು, ಪರದೆ ನೋಡಿ ಕೂಗುತ್ತಾರೆ: "ಅಕ್ಕಾ, ಸೊನ್ನೆ!" ಇವರ ಉತ್ತರ: "ಸರಿ ಯಂತ್ರದಣ್ಣ." ಇಬ್ಬರೂ ಒಬ್ಬರನ್ನೊಬ್ಬರು ದೊಡ್ಡವರನ್ನಾಗಿ ಮಾಡಿ ತಾವು ಚಿಕ್ಕವರಾಗುವ ಈ ಆಟ ಹನ್ನೊಂದು ವರ್ಷದಿಂದ ಮುಗಿದಿಲ್ಲ.

ಸೀಸೆ ತೊಳೆಯುವ ಕೈಗೆ ಮನೆಯಲ್ಲಿ ಬೇರೆ ಕೆಲಸ ಇದೆ. ಸೊನ್ನಕ್ಕನ ಗಂಡ ಬಸ್ ಡ್ರೈವರ್ ಆಗಿದ್ದವರು. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮೂವತ್ತು ಜನ ಕೂತ ಬಸ್ಸನ್ನು ಅವರು ಹದಿನೇಳು ವರ್ಷದ ಹಿಂದಿನ ರೂಟಿನಲ್ಲಿ ಓಡಿಸಿದರು. ಒಂದು ಸಿಗ್ನಲ್ ತಪ್ಪಿಸಲಿಲ್ಲ, ಒಂದು ತಿರುವಿನಲ್ಲಿ ತಡವರಿಸಲಿಲ್ಲ. ಎಂದೋ ಕಿತ್ತುಹಾಕಿದ್ದ ನಿಲ್ದಾಣಗಳಲ್ಲೆಲ್ಲ ಅಚ್ಚುಕಟ್ಟಾಗಿ ನಿಲ್ಲಿಸಿ ಬಾಗಿಲು ತೆರೆದರು. ಯಾರೂ ಹತ್ತಲಿಲ್ಲ, ಹಿಂದೆ ಕೂತವರು ಕೂಗುತ್ತಲೇ ಇದ್ದರು. ಕೊನೆಗೆ ಹಳೆಯ ಡಿಪೋ ಇದ್ದ ಜಾಗದಲ್ಲಿ, ಈಗಿನ ದೊಡ್ಡ ಪೀಠೋಪಕರಣ ಅಂಗಡಿಯ ಗಾಜಿನ ಮುಂದೆ, ಹಾರ್ನ್ ಹೊಡೆದು ಗೇಟು ತೆಗೆಯುವುದನ್ನು ಕಾಯುತ್ತ ಕೂತರು.

"ಫೋನ್ ಬಂತು. ಆ್ಯಕ್ಸಿಡೆಂಟ್ ಅಂದ್ಕೊಂಡು ಓಡಿದೆ. ಹೋಗಿ ನೋಡಿದ್ರೆ ಬಸ್ಸಿಗೆ ಒಂದು ಗೀರೂ ಇಲ್ಲ. ಇವ್ರು ನನ್ನ ನೋಡಿ, 'ಟಿಕೆಟ್ ತಗೊಂಡ್ಯೇನಮ್ಮಾ' ಅಂದ್ರು." ಇದನ್ನು ಹೇಳುವಾಗ ಸೊನ್ನಕ್ಕ ಸೀಸೆ ಜಾಲಾಡುವುದನ್ನು ನಿಲ್ಲಿಸುವುದಿಲ್ಲ. ನಾನು ಮಾತ್ರ ಪೆನ್ನು ನಿಲ್ಲಿಸಿದೆ.

ಕಾಯಿಲೆಗೆ ಹೆಸರು ಸಿಕ್ಕಿತು. ಮನೆಯವರಿಗೆ ಅದು ಸಾಲದು, ಕಾರಣ ಬೇಕು. ಕಳೆದ ವರ್ಷ ಆ ಕಾರಣವನ್ನು ನಾದಿನಿ ಮೊಬೈಲಿನಲ್ಲಿ ಹಿಡಿದುಕೊಂಡು ಬಂದರು. 'ಅಲ್ಯುಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದರೆ ಮರೆವು ಬರುತ್ತದೆ, ಹತ್ತು ಜನರಿಗೆ ಕಳಿಸಿ' ಎಂಬ ಸಂದೇಶ. ಹತ್ತು ಜನರಿಗೆ ಕಳಿಸಿ ಆದ ಮೇಲೆ ಹನ್ನೊಂದನೆಯದಾಗಿ ಅತ್ತಿಗೆಯ ಮನೆಗೇ ನಡೆದುಬಂದಿದ್ದರು. ಸೊನ್ನಕ್ಕ ನಾದಿನಿಯ ದನಿ ತೆಗೆದರೆ ನೀವು ನಾದಿನಿಯನ್ನು ನೋಡಬೇಕಿಲ್ಲ. ಮೂಗಿನಿಂದ ಶುರುವಾಗಿ ಗಂಟಲಲ್ಲಿ ಮುಗಿಯುವ ರಾಗ:

"ಅತ್ತಿಗೇ… ನಾನೇನೂ ಅಂತಿಲ್ಲಪ್ಪಾ… ಆದ್ರೆ ನಮ್ಮಣ್ಣ ನಮ್ಮನೇಲಿದ್ದಾಗ ಫಳಫಳ ಅಂತಿದ್ದ. ಇಲ್ಲಿ ಇಪ್ಪತ್ತೇಳು ವರ್ಷ ಆ ದರಿದ್ರ ಪಾತ್ರೇಲಿ ಕಾಸಿದ ಹಾಲು ಕುಡಿದು ಹಿಂಗಾದ. ನೀವೇ ಕೈಯಾರೆ ಕುಡಿಸಿದ್ರಲ್ಲ ಅತ್ತಿಗೇ…"

ಏನೂ ಅನ್ನದೆಯೇ ಇಷ್ಟು ಅಂದದ್ದು ಮನೆ ತುಂಬ ನೆಂಟರಿದ್ದಾಗ. ಅಂದು ಸಂಜೆಯೇ ಸೊನ್ನಕ್ಕ ತಮ್ಮ ಮೂರು ಅಲ್ಯುಮಿನಿಯಂ ಪಾತ್ರೆಗಳನ್ನೂ ಚೀಲಕ್ಕೆ ಕಟ್ಟಿ ಅಟ್ಟಕ್ಕೆ ಹತ್ತಿಸಿದರು. ಎಸೆಯಲು ಮನಸ್ಸು ಬರಲಿಲ್ಲ. ಕೆಳಗಿಡಲು ಧೈರ್ಯ ಬರಲಿಲ್ಲ.

"ಅವಳು ಅಂದಿದ್ದಕ್ಕೆ ಬೇಜಾರಿಲ್ಲ. ನಿಜ ಇದ್ರೆ? ಅಂತ. ದಿನಾ ಬೆಳಿಗ್ಗೆ ಇವರ ಬಾಯಿಗೆ ಲೋಟ ಹಿಡಿಯೋಕೆ ಮುಂಚೆ ಅದನ್ನ ಏಳು ಸಲ ತೊಳೀತಿದ್ದೆ."

ಇಂಥ ಹೊತ್ತಿನಲ್ಲಿ ಲ್ಯಾಬಿನಲ್ಲಿ ಬಾಂಬು ಬಿತ್ತು. ನೆನಪು ಚೆನ್ನಾಗಿದ್ದು ತೀರಿಕೊಂಡ ಮೂವತ್ತು ಮಂದಿಯ ಮಾದರಿಗಳನ್ನು ಹಿಂದಿನ ತಿಂಗಳು ಯಂತ್ರದಣ್ಣ ಅಳೆದು ಮುಗಿಸಿದ್ದರು. ಈಗ ಮರೆವಿನ ಕಾಯಿಲೆಯ ಮೂವತ್ತು ಮಂದಿಯ ಸರದಿ. "ಇವರ ಸೀಸೆ ನಾನೇ ತೆರೀತೀನಿ. ಆ ಮನೆಯವರಿಗೆ ನಾನು ಸಲ್ಲಿಸಬೇಕಾದ ಮರ್ಯಾದೆ ಅದು," ಎಂದು ದೊಡ್ಡ ಡಾಕ್ಟರು, ಅಂದರೆ ಸಂಸ್ಥೆಯ ಮುಖ್ಯಸ್ಥರು, ತಾವೇ ಕೋಟು ತೊಟ್ಟು ಕೂತರು. ಫಲಿತಾಂಶ ಬಂತು. ಅಲ್ಯುಮಿನಿಯಂ ಆರು ಪಟ್ಟು! ಎರಡಲ್ಲ, ಮೂರಲ್ಲ, ಆರು. ಕಾರಿಡಾರಿನಲ್ಲಿ ಓಡಬಾರದೆಂಬ ಫಲಕದ ಕೆಳಗೇ ಜನ ಓಡಾಡಿದರು. ಮುಂದಿನ ಶುಕ್ರವಾರದ ದೊಡ್ಡ ಸಮ್ಮೇಳನದಲ್ಲಿ ದೊಡ್ಡ ಡಾಕ್ಟರದ್ದೇ ಮೊದಲ ಭಾಷಣ ಎಂದು ಗೊತ್ತಾಯಿತು.

ಟ್ರೇ ಹಿಡಿದು ಬಾಗಿಲ ಬಳಿ ನಿಂತಿದ್ದ ಸೊನ್ನಕ್ಕ ಇದೆಲ್ಲ ಕೇಳಿಸಿಕೊಂಡರು.

"ಅದು ನಿಜ ಆದ್ರೆ ನಾನೇ ಇವರ ತಲೆ ಕೆಡಿಸಿದ್ದು. ಸುಳ್ಳಾದ್ರೆ? ಸುಳ್ಳಾಗ್ಬೇಕಂದ್ರೆ ನನ್ನ ಸೀಸೆ ಕೊಳಕಾಗಿರ್ಬೇಕು. ಒಂದ್ಕಡೆ ಹೆಂಡ್ತಿ ಕೆಟ್ಟೋಳು, ಇನ್ನೊಂದ್ಕಡೆ ಕೆಲಸದೋಳು ಕೆಟ್ಟೋಳು. ಒಂದು ಆರಿಸ್ಕೋ ಅಂದಂಗಾಯ್ತು. ಹನ್ನೊಂದು ವರ್ಷದಲ್ಲಿ ಮೊದಲ್ನೇ ಸಲ, ನನ್ನ ಸೊನ್ನೆ ಕೆಟ್ಟಿರ್ಲಿ ದೇವ್ರೇ ಅಂತ ಬೇಡ್ಕೊಂಡೆ."

ಅಂದು ಮಧ್ಯಾಹ್ನವೇ ಅವರು ಯಂತ್ರದಣ್ಣನಿಗೆ ದುಂಬಾಲು ಬಿದ್ದು, ಅದೇ ವಾರ ತೊಳೆದು ಮಿಕ್ಕಿದ್ದ ನಲವತ್ತು ಸೀಸೆಗಳಲ್ಲಿ ಖಾಲಿ ಅಳೆಸಿದರು. ನಲವತ್ತಕ್ಕೆ ನಲವತ್ತೂ ಸೊನ್ನೆ. ಯಂತ್ರದಣ್ಣ ಚಪ್ಪಾಳೆ ತಟ್ಟಿದರು. ಸೊನ್ನಕ್ಕ ಮೆಟ್ಟಿಲ ಮೇಲೆ ಕೂತು ಅತ್ತರು. ಕೆಲಸದಲ್ಲಿ ಗೆದ್ದದ್ದಕ್ಕೆ ಹೀಗೆ ಕಣ್ಣೀರಿಟ್ಟವರನ್ನು ನಾನಂತೂ ಕೇಳಿಲ್ಲ.

ಮರುದಿನ ಅವರು ಕೋಟು ಬದಲಿಸುವ ಚಿಕ್ಕ ಕೋಣೆ ಒರೆಸುತ್ತಿದ್ದರು. ಮೇಲಿನ ಶೆಲ್ಫಿನಲ್ಲಿ, ಟೋಪಿಗಳ ಕಟ್ಟಿನ ಹಿಂದೆ, ಒಂದು ನೀಲಿ ಸ್ಪ್ರೇ ಡಬ್ಬಿ. ಬೆವರು ತಡೆಯಲು ಕಂಕುಳಿಗೆ ಹೊಡೆದುಕೊಳ್ಳುವಂಥದ್ದು. ಯಾರದ್ದೆಂದು ಕೇಳಬೇಕಿರಲಿಲ್ಲ. ಲಿಫ್ಟು ಕೆಟ್ಟು ತಿಂಗಳಾಗಿತ್ತು. ಮೂರು ಮಹಡಿ ಹತ್ತಿ ಬಂದರೆ ದೊಡ್ಡ ಡಾಕ್ಟರ ಶರಟು ಹಿಂಡಬಹುದು. ಅವರೋ ಬಲು ಸಂಕೋಚದವರು. ಹೊರಗಿನಿಂದ ಬಂದ ಯಾವ ವಸ್ತುವಿನ ಮೇಲೂ ಏನು ಬರೆದಿದೆ ಎಂದು ಓದುವುದು ಸೊನ್ನಕ್ಕನ ಅಭ್ಯಾಸ. ಹತ್ತನೇ ತರಗತಿ ಮುಗಿಸದಿದ್ದರೂ, ಗೋಡೆಯ ಮೇಲಿನ ನಾಲ್ಕು ಲೋಹಗಳ ಪಟ್ಟಿ ದಿನಾ ಒರೆಸಿ ಒರೆಸಿ ಆ ಅಕ್ಷರಗಳು ಇವರಿಗೆ ಮನೆ ಮಂದಿಯ ಮುಖದಷ್ಟೇ ಪರಿಚಿತ. ಡಬ್ಬಿ ತಿರುಗಿಸಿದರು. ಒಳಗೇನಿದೆ ಎಂಬ ಪಟ್ಟಿಯ ಮೊದಲ ಸಾಲಿನಲ್ಲೇ ಕೂತಿತ್ತು ಅಲ್ಯುಮಿನಿಯಂ.

"ಮೈ ಜುಂ ಅಂತು. ಮನೇಲಿ ನಾನು ಅಟ್ಟ ಹತ್ತಿಸಿದೋನು ಇಲ್ಲಿ ಇಳಿದು ಕೂತವ್ನೆ!"

ಖಾಲಿ ಅಳೆಯುವುದು ಬೆಳಿಗ್ಗೆ ಏಳಕ್ಕೆ. ದೊಡ್ಡ ಡಾಕ್ಟರು ಬರುವುದು ಹತ್ತಕ್ಕೆ. ನೆನಪಿದ್ದವರ ಸೀಸೆಗಳನ್ನೂ, ಹಿಂದಿನ ದಿನದ ನಲವತ್ತು ಖಾಲಿಗಳನ್ನೂ ತೆರೆದದ್ದು ಯಂತ್ರದಣ್ಣ. ಮರೆತವರ ಸೀಸೆ ತೆರೆದದ್ದು ಪುಸ್ ಪುಸ್ ಎಂದು ಹೊಡೆದುಕೊಂಡು ಬಂದ ದೊಡ್ಡ ಡಾಕ್ಟರು. ವ್ಯತ್ಯಾಸ ಇದ್ದದ್ದು ಮಿದುಳಿನಲ್ಲೋ, ತೋಳಿನಲ್ಲೋ? ಮರ್ಯಾದೆ ಕೊಡಲು ಹೋಗಿ ಆದ ಎಡವಟ್ಟು. ಇಂಥ ತಪ್ಪು ಮಾಡಲು ಒಳ್ಳೆಯವರೇ ಬೇಕು.

"ನೇರ ಹೋಗಿ ಹೇಳಬಹುದಿತ್ತಲ್ಲ?" ಎಂದೆ.

"ಏನಂತ? ಸಾರ್, ನಿಮ್ಮ ಕಂಕುಳಿಂದ ಶುಕ್ರವಾರದ ಭಾಷಣ ಹಾಳಾಗಿದೆ ಅಂತಾನಾ? ಸೀಸೆ ತೊಳೆಯೋಳ ಮಾತು ಯಾರ್ ನಂಬ್ತಾರೆ? ಯಂತ್ರ ಹೇಳ್ಬೇಕು."

ಲ್ಯಾಬಿನಲ್ಲಿ 'ಕಳ್ಳ ಖಾಲಿ' ಎಂಬ ಕಟ್ಟಳೆ ಉಂಟು. ಯಾರು ಬೇಕಾದರೂ, ಯಾವಾಗ ಬೇಕಾದರೂ, ಬರೀ ನೀರಿನ ಸೀಸೆಗೆ ರೋಗಿಯ ನಂಬರು ಅಂಟಿಸಿ ಮಾದರಿಗಳ ನಡುವೆ ಸೇರಿಸಬಹುದು. ಮೊದಲೇ ಬಾಯಿ ಬಿಡುವಂತಿಲ್ಲ. ಆ್ಯಸಿಡ್‌ನಲ್ಲಿ ಕರಗಿದ ಮಾದರಿ ನೋಡಲು ನೀರಿನ ಹಾಗೇ ಇರುವುದರಿಂದ ಗುರುತೂ ಸಿಗದು. ಈ ಕಟ್ಟಳೆ ಮಾಡಿದವರು ದೊಡ್ಡ ಡಾಕ್ಟರೇ. "ನನಗೂ ದಯೆ ತೋರಿಸ್ಬೇಡಮ್ಮ," ಎಂದು ಸೊನ್ನಕ್ಕ ಸೇರಿದ ದಿನವೇ ಹೇಳಿದ್ದರು. ಹನ್ನೊಂದು ವರ್ಷ ಎಲ್ಲರೂ ದಯೆ ತೋರಿಸಿಕೊಂಡೇ ಬಂದಿದ್ದರು.

ಬುಧವಾರ ಬೆಳಿಗ್ಗೆ ನಾಲ್ಕು ಸೀಸೆಗೆ ನೀರು ತುಂಬಿತು. ಅರವತ್ತೊಂದರಿಂದ ಅರವತ್ತನಾಲ್ಕರವರೆಗೆ ನಂಬರು ಬಿತ್ತು. ಎರಡನ್ನು ಎಂಟು ಗಂಟೆಗೆ ಯಂತ್ರದಣ್ಣ ತೆರೆದರು. ಉಳಿದೆರಡು ಹನ್ನೊಂದಕ್ಕೆ, ಎಂದಿನಂತೆ ಪುಸ್ ಪುಸ್ ಮುಗಿಸಿ ಬಂದ ದೊಡ್ಡ ಡಾಕ್ಟರ ಕೈಗೆ, 'ತಡವಾಗಿ ಬಂದ ಮಾದರಿ ಸಾರ್' ಎಂದು. ಯಂತ್ರದಣ್ಣನ ಮೀಸೆ ನಡುಗುತ್ತಿತ್ತಂತೆ, ನಗುವಿಗೋ ಭಯಕ್ಕೋ ಅವರಿಗೇ ತಿಳಿಯದು. ಪರದೆಯಲ್ಲಿ ಅಂಕಿಗಳು ಬಂದವು. ಮೊದಲೆರಡು ಸೊನ್ನೆ. ಕೊನೆಯೆರಡು ಆಕಾಶಕ್ಕೆ.

ಇಲ್ಲಿ ಸೊನ್ನಕ್ಕ ಬೆನ್ನು ನೆಟ್ಟಗೆ ಮಾಡುತ್ತಾರೆ. ಇಲ್ಲದ ಬೆಲ್ಟನ್ನು ಮೇಲೆಳೆದು, ಗಂಟಲು ಸರಿಮಾಡಿಕೊಂಡು, ದೊಡ್ಡ ಡಾಕ್ಟರಾಗುತ್ತಾರೆ: "ಹ್ಹಾಂ… ಹೇಗೆ ಹೇಳ್ಲಿ… ನೋಡಿದ್ರಾ ಅರವತ್ಮೂರು, ಅರವತ್ನಾಲ್ಕು! ಅಯ್ಯೋ ಪಾಪ. ಇಷ್ಟಿದ್ರೆ ಕೊನೆಕೊನೆಗೆ ಹೆಂಡ್ತಿ ಮಕ್ಕಳ ಗುರುತೂ ಸಿಕ್ಕಿರಲ್ಲ ಇವರಿಗೆ. ಮನೆಯವರು ಎಷ್ಟು ಕಷ್ಟಪಟ್ರೋ!"

"ಸಾರ್, ಅವರಿಗೆ ಮನೆಯವರಿಲ್ಲ."

"ಅನಾಥರೇನಮ್ಮ?"

"ಮನುಷ್ಯರೇ ಅಲ್ಲ ಸಾರ್. ನೀರು."

ಸೊನ್ನಕ್ಕ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನೀಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ದೊಡ್ಡ ಡಾಕ್ಟರು ಡಬ್ಬಿ ನೋಡಿದರು, ಪರದೆ ನೋಡಿದರು, ಮೆಲ್ಲನೆ ತಲೆ ಬಾಗಿಸಿ ತಮ್ಮ ತೋಳಿನ ಸಂದಿಯನ್ನು ನೋಡಿಕೊಂಡರು. ಮುಖ ಸುಣ್ಣವಾಯಿತು. ಎರಡು ವರ್ಷದ ದುಡಿಮೆ, ನಾಡಿದ್ದಿನ ಭಾಷಣ, ಮೂವತ್ತು ಮನೆಯವರು ನಂಬಿ ಕೊಟ್ಟದ್ದು, ಎಲ್ಲ ಆ ಒಂದು ಡಬ್ಬಿಯಲ್ಲಿ. ನನ್ನ ಕೆಲಸ ಹೋಯಿತು ಎಂದುಕೊಂಡರು ಸೊನ್ನಕ್ಕ.

ಆಗ ಹೊರಟಿತು ನಗು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಕುರ್ಚಿ. "ಅರವತ್ಮೂರಕ್ಕೆ… ಹೆಂಡ್ತಿ ಗುರುತು… ನೀರಿಗೆ!" ಎಂದು ಮೇಜು ಗುದ್ದಿ ನಗತೊಡಗಿದರು. ಸೊನ್ನಕ್ಕ ಓಡಿಹೋಗಿ ಸೀಸೆಗಳಿಗೆ ಮುಚ್ಚಳ ಹಾಕಿದರಂತೆ: "ಹೊರಗೆ ಹೋಗಿ ನಗಿ ಸಾರ್, ಉಗುಳು ಹಾರುತ್ತೆ!"

ಶುಕ್ರವಾರ ದೊಡ್ಡ ಡಾಕ್ಟರು ವೇದಿಕೆ ಹತ್ತಿದರು. ಮಾತಾಡಿದ್ದು ಮಾತ್ರ ತಮ್ಮ ತಪ್ಪಿನ ಬಗ್ಗೆ, ನಲವತ್ತು ನಿಮಿಷ. ಭಾನುವಾರ ಸೊನ್ನಕ್ಕನ ಮನೆ ಬಾಗಿಲು ತಟ್ಟಿದರು. ಪಾತ್ರೆಯ ವಿಷಯ ಯಂತ್ರದಣ್ಣನಿಂದ ಅವರ ಕಿವಿಗೆ ಬಿದ್ದಿತ್ತು. ನಾದಿನಿಯೂ ಇದ್ದರು.

"ನೋಡಮ್ಮ, ಆ ಪಾತ್ರೆಯಿಂದ್ಲೇ ನಿಮ್ಮಣ್ಣಂಗೆ ಕಾಯಿಲೆ ಬಂತು ಅನ್ನೋಕೆ ಪುರಾವೆ ಇಲ್ಲ. ಎಲ್ಲಿಂದ ಬಂತು ಅಂತ ನನಗೂ ಗೊತ್ತಿಲ್ಲ. ಸುಳ್ಳು ಧೈರ್ಯ ಹೇಳಲ್ಲ. ಪುರಾವೆ ಇದೆ ಅಂತ ಮೊನ್ನೆ ನಾನೂ ಕುಣಿದೆ. ಅದು ನನ್ನ ಕಂಕುಳಲ್ಲಿತ್ತು."

ನಾದಿನಿ ಸೆರಗು ಸಿಕ್ಕಿಸಿದರು. ಆಮೇಲೆ ಸ್ಟೂಲು ಎಳೆದು ತಾವೇ ಅಟ್ಟ ಹತ್ತಿದರು. ಕ್ಷಮೆ ಕೇಳಿದರೇ ಎಂದು ಕೇಳಿದೆ. "ಅವಳಾ? 'ಪಾತ್ರೆ ಸವೆದಿದೆ ಅತ್ತಿಗೇ, ಅದಕ್ಕೇ ನಾನು ಹೇಳಿದ್ದು' ಅಂದ್ಳು. ಆದ್ರೆ ಅವಳೇ ತಿಕ್ಕಿ ತೊಳೆದ್ಲು. ಮೂರು ಸಲ. ಏಳು ಸಲ ತೊಳೀಬೇಕು ಅಂತ ನಾನು ಹೇಳ್ಕೊಡ್ಲಿಲ್ಲ."

ಹಾಲಿನ ಪಾತ್ರೆಯ ಅಂಚಿನಲ್ಲೊಂದು ನೆಗ್ಗು. ಮದುವೆಯಾದ ವರ್ಷ ಗಂಡ ಬೀಳಿಸಿದ್ದು. ಅವರು ಅಂದು ಆ ನೆಗ್ಗಿನ ಮೇಲೆ ಹೆಬ್ಬೆರಳಾಡಿಸಿ, "ಇದು ನಮ್ಮದೇ," ಅಂದರಂತೆ.

"ನನ್ನ ಗುರುತು ಸಿಗಲ್ಲ, ಪಾತ್ರೆ ಗುರುತು ಸಿಕ್ತು ನೋಡಿ. ಎರಡು ದಿನ ಆ ಪಾತ್ರೆ ಮೇಲೆ ನನಗೆ ಹೊಟ್ಟೆಕಿಚ್ಚು," ಎಂದು ನಗುತ್ತಾರೆ. ಬೆಳಗಿನ ಹಾಲು ಈಗ ಮತ್ತೆ ಅದೇ ಪಾತ್ರೆಯಲ್ಲಿ ಕಾಯುತ್ತದೆ.

ಅರವತ್ತು ಮಾದರಿಗಳನ್ನೂ ಮೊದಲಿನಿಂದ ಅಳೆಯುತ್ತಿದ್ದಾರೆ, ಈ ಸಲ ಒಂದು ನೆನಪಿದ್ದವರದ್ದು ಒಂದು ಮರೆತವರದ್ದು ಎಂದು ಬೆರೆಸಿ. ಉತ್ತರ ಇನ್ನೂ ಬಂದಿಲ್ಲ. "ನಿಮ್ಮ ಬಗ್ಗೆ ಬರೀತೀನಿ, ಏನಾದರೂ ಆಸೆ ಇದೆಯಾ?" ಎಂದು ಕೇಳಿದೆ. ಸೊನ್ನಕ್ಕ ಮೇಲೆ ನೋಡಿದರು. "ಮೂರನೇ ಟಬ್ಬಿನ ಮೇಲಿನ ಚಾವಣಿ ಬಿರುಕು ಬಿಟ್ಟಿದೆ. ಸುಣ್ಣ ಉದುರೋದಕ್ಕೆ ಮುಂಚೆ ಸರಿ ಮಾಡಿಸ್ಕೊಡಿ ಅಂತ ಬರೀರಿ. ಫೋಟೋ ಹಾಕೋದಾದ್ರೆ ಸೀಸೇದು ಹಾಕಿ."

ಅಷ್ಟರಲ್ಲಿ ಹತ್ತು ಗಂಟೆ. ಮೆಟ್ಟಿಲ ಮೇಲೆ ಏದುಸಿರು ಕೇಳುತ್ತದೆ. ಲಿಫ್ಟು ಇನ್ನೂ ಕೆಟ್ಟೇ ಇದೆ. ಬೆವರಿನಲ್ಲಿ ಮಿಂದ ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಲ್ಲುತ್ತಾರೆ, ಒಳಗೆ ಕಾಲಿಡುವುದಿಲ್ಲ. ಸೊನ್ನಕ್ಕ ಇಕ್ಕಳ ಕೆಳಗಿಟ್ಟು ಅವರ ಎದುರು ಹೋಗುತ್ತಾರೆ.

"ಕೈ ಎತ್ತಿ ಸಾರ್."

ಆ ಸಂಸ್ಥೆಯ ಮುಖ್ಯಸ್ಥರು, ಬಿಳಿ ಕೂದಲಿನ ದೊಡ್ಡ ಮನುಷ್ಯರು, ನನ್ನ ಕಣ್ಣೆದುರಿಗೇ ಎರಡೂ ಕೈಗಳನ್ನು ನೆಟ್ಟಗೆ ಮೇಲೆತ್ತುತ್ತಾರೆ. ನಾನು ದಂಗಾಗಿ ನೋಡುತ್ತೇನೆ. ಸೊನ್ನಕ್ಕ ಒಂದು ಮಾರು ದೂರದಿಂದ ಮೂಗು ಅರಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಪರೀಕ್ಷೆ ಮಾಡಿ, ತೀರ್ಪು ಕೊಡುತ್ತಾರೆ: "ಇವತ್ತು ಅಪ್ಪಟ ಬೆವರು. ಕೋಟು ಹಾಕ್ಕೊಂಡು ಬನ್ನಿ."

ಯಂತ್ರದಣ್ಣ ಮೀಸೆಯಲ್ಲೇ ನಗುತ್ತಾರೆ. ನಾನು ಟೋಪಿಯೊಳಗೇ ನಗುತ್ತೇನೆ. ಎಲ್ಲರಿಗಿಂತ ಜೋರಾಗಿ, ಎತ್ತಿದ ಕೈ ಇಳಿಸುವುದನ್ನೂ ಮರೆತು, ಬಾಗಿಲಾಚೆ ನಿಂತ ದೊಡ್ಡ ಡಾಕ್ಟರೇ ನಗುತ್ತಿದ್ದಾರೆ.